ಎಂಟುನೂರು ಸ್ಟಿಕ್ಕರ್‌ಗಳು

ಮಾರ್ಚ್ 3, ಮಂಗಳವಾರ

ಕಳೆದ ತಿಂಗಳು ಹದಿನೈದನೇ ತಾರೀಖು, ಭಾನುವಾರ, ಬೆಳಗ್ಗೆ ಹತ್ತೂವರೆಗೆ, ನಮ್ಮೂರ ಸೇವಾ ಕ್ಲಬ್ಬಿನವರು ಗಿರಣಿಯ ಹಿಂದಿನ ನಾಲ್ಕು ಓಣಿಗಳಲ್ಲಿ ಮನೆಗೆ ಎರಡರಂತೆ ಎಂಟುನೂರು ಓಆರ್‌ಎಸ್ ಪೊಟ್ಟಣ ಹಂಚಿದರು. ಮಕ್ಕಳಿಗೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಪುಡಿ ಅದು. ಹೋದ ಬೇಸಿಗೆಯಲ್ಲಿ ಅದೇ ಓಣಿಗಳಲ್ಲಿ ಎರಡು ಕೂಸುಗಳು ಭೇದಿಯಿಂದ ತೀರಿಕೊಂಡಿದ್ದವು. ಹಾಗಾಗಿ ಹಂಚಿದ್ದು ತಪ್ಪಲ್ಲ. ತಪ್ಪು ಇದು: ಪ್ರತಿ ಪೊಟ್ಟಣದ ಮೇಲೂ ಕ್ಲಬ್ಬಿನ ಲಾಂಛನ, ಅಧ್ಯಕ್ಷರ ಹೆಸರು, ‘ಸದಾ ನಿಮ್ಮ ಸೇವೆಯಲ್ಲಿ’ ಎಂಬ ಘೋಷಣೆ ಇರುವ ಸ್ಟಿಕ್ಕರ್ ಅಂಟಿಸಿದ್ದರು. ಅಂಟಿಸಲು ಅವರಿಗೆ ಸಿಕ್ಕ ಜಾಗ ಯಾವುದೆಂದರೆ, ‘ಇಡೀ ಪೊಟ್ಟಣವನ್ನು ಒಂದು ಲೀಟರ್ ಕುಡಿಯುವ ನೀರಿಗೆ ಬೆರೆಸಿ’ ಎಂದು ಅಚ್ಚಾಗಿದ್ದ ಜಾಗ.

ಮೂವತ್ತೊಂದು ವರ್ಷ ಪುರಸಭೆಯಲ್ಲಿ ನಕ್ಷೆ ಬರೆದವಳು ನಾನು. ನಕ್ಷೆಯ ಅಳತೆಪಟ್ಟಿಯ ಮೇಲೆ ಮುದ್ರೆ ಒತ್ತಿದ ಮೂರ್ಖನನ್ನು ಆ ಮೂವತ್ತೊಂದು ವರ್ಷದಲ್ಲಿ ಒಬ್ಬನನ್ನೂ ಕಾಣಲಿಲ್ಲ.

ಮೊನ್ನೆ ನಮ್ಮ ಇಸ್ತ್ರಿ ಅಕ್ಕನ ಎಂಟು ತಿಂಗಳ ಮೊಮ್ಮಗಳಿಗೆ ಭೇದಿ ಶುರುವಾಯಿತು. ದುಂಡಗಿರುವುದರಿಂದ ಓಣಿಯವರೆಲ್ಲ ಗುಂಡಮ್ಮ ಎಂದೇ ಕರೆಯುವ ಕೂಸು. ಯಾರಿಂದಲಾದರೂ ಓದಿಸೋಣವೆಂದರೆ ಅಳತೆಯ ಸಾಲೇ ಕಾಣದೆ, ಅಕ್ಕ ಒಂದು ಸಣ್ಣ ಲೋಟ ನೀರಿಗೆ ಒಂದು ಪೊಟ್ಟಣ ಸುರಿದು ಕುಡಿಸಿದಳು. ಸಂಜೆಗೆ ಇನ್ನೊಂದು. ರಕ್ತದಲ್ಲಿ ಉಪ್ಪು ಏರಿ ಕೂಸು ಈಗ ಆಸ್ಪತ್ರೆಯಲ್ಲಿದೆ.

“ಔಷಧ ಗಟ್ಟಿಯಾಗಿದ್ರೆ ಬೇಗ ಹಿಡಿಯುತ್ತೆ ಅಂದ್ಕೊಂಡೆ ಅಮ್ಮಾ,” ಎಂದಳು ಅಕ್ಕ. ನಮ್ಮ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ನಿಂತಿದ್ದಳು. ಮಡಿಕೆ ಎಂದಿನಂತೆ ಅಚ್ಚುಕಟ್ಟಾಗಿತ್ತು.

ನಮ್ಮ ಮನೆಯವರು ಆ ಕ್ಲಬ್ಬಿನ ಹದಿನಾಲ್ಕು ವರ್ಷದ ಸದಸ್ಯರು. ಊಟಕ್ಕೆ ಕೂತಾಗ ಅವರನ್ನು ಕೇಳಿದೆ. “ಗೊತ್ತಾಗಲಿಲ್ಲ ಕಣೇ,” ಎಂದರು. ಗಡಿಯಾರ ರಿಪೇರಿ ಮಾಡುವವರು, ಸಾಸಿವೆ ಗಾತ್ರದ ಸ್ಕ್ರೂ ಕಾಣುವ ಕಣ್ಣಿಗೆ ಇಷ್ಟು ದೊಡ್ಡ ಸಾಲು ಕಾಣಲಿಲ್ಲ.

ಪತ್ರಿಕೆಗೆ ಬರೆಯುತ್ತೇನೆ.

ಮಾರ್ಚ್ 4, ಬುಧವಾರ

ಇಡೀ ದಿನ ಪತ್ರ ಬರೆದೆ. ಎಂದಿನಂತೆ ‘ಮರೆಯದ ನಾಗರಿಕಳು’ ಎಂಬ ಹೆಸರಿನಲ್ಲಿ. ಸಂಪಾದಕರಿಗೆ ಪತ್ರ ಬರೆಯಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಆ ಹೆಸರಿನ ಹಿಂದೆ ಇರುವವಳು ಯಾರೆಂದು ಕ್ಲಬ್ಬಿನವರಿಗೂ ಪುರಸಭೆಯವರಿಗೂ ಗೊತ್ತು. ಓಣಿಯವರಿಗೆ ಗೊತ್ತಿಲ್ಲ.

ಹಳೆಯದೆಲ್ಲ ನೆನಪಿಗೆ ಬಂತು. ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಕ್ಲಬ್ಬು ಬಸ್ ನಿಲ್ದಾಣಕ್ಕೆ ಬೆಂಚು ಕೊಟ್ಟಿತು. ಒರಗುವ ಹಲಗೆಯ ತುಂಬ ಹಿತ್ತಾಳೆಯಲ್ಲಿ ಉಬ್ಬಿಸಿದ ಹೆಸರುಗಳು. ಒರಗಿ ಕೂತವರ ಅಂಗಿಯ ಬೆನ್ನಿನಲ್ಲಿ ಅಂದಿನ ಖಜಾಂಚಿಯ ಹೆಸರು ಉಲ್ಟಾ ಮೂಡುತ್ತಿತ್ತು. ಹದಿನಾರು ವರ್ಷದ ಹಿಂದೆ ಶಾಲೆಗೆ ಕುಡಿಯುವ ನೀರಿನ ತೊಟ್ಟಿ ಕೊಟ್ಟರು, ಉದ್ಘಾಟನೆಯ ದಿನ ಮಾತ್ರ ಅದರಲ್ಲಿ ನೀರಿತ್ತು.

“ಮುನ್ನೂರು ಪದ ಮೀರಿದರೆ ಹಾಕೋಕಾಗಲ್ಲ,” ಎಂದರು ಸಂಪಾದಕರು ಫೋನಿನಲ್ಲಿ. ಅಳೆದೂ ಸುರಿದೂ ಒಂದು ಪ್ಯಾರಾ ತೆಗೆದೆ. ಪುಡಿಯನ್ನು ಎಷ್ಟು ನೀರಿಗೆ ಬೆರೆಸಬೇಕು ಎಂಬ ವಿವರ ಅದು, ಸ್ವಲ್ಪ ಒಣಕಲಾಗಿತ್ತು. ಬೆಂಚಿನ ಸಾಲು ಉಳಿಸಿಕೊಂಡೆ, ಅದು ಚೆನ್ನಾಗಿ ಕೂತಿತ್ತು.

ಮನೆಯವರು ಓದಿ ಕನ್ನಡಕ ತೆಗೆದು ಒರೆಸಿದರು. “ಚೆನ್ನಾಗಿ ಬೈದಿದೀಯ. ನನ್ನನ್ನೂ ಸೇರಿಸಿ.”

“ಸೇರಿಸಿಯೇ.”

“ನಾಳೆ ತಿಂಡಿ ಸಿಗುತ್ತಾ?”

“ಸಿಗುತ್ತೆ. ಉಪ್ಪು ನೀವೇ ಅಳತೆ ನೋಡಿ ಹಾಕ್ಕೊಳ್ಳಿ.”

ಮಾರ್ಚ್ 7, ಶನಿವಾರ

ಬಂದಿದೆ. ನಾಲ್ಕನೇ ಪುಟ, ಮೇಲ್ಭಾಗ, ಚೌಕದೊಳಗೆ. ‘ಮಕ್ಕಳಿಗೆ ವಿಷ ಹಂಚಿದ ಸೇವೆ’. ತಲೆಬರಹ ನಾನು ಕೊಟ್ಟದ್ದೇ, ಒಂದಕ್ಷರ ಬದಲಾಗಿಲ್ಲ.

ಬೆಳಗ್ಗೆಯಿಂದ ಏಳು ಫೋನು. ನನ್ನ ತಂಗಿ ಎರಡು ಸಲ ಮಾಡಿದಳು, ಎರಡನೆಯದು ಗಂಡನಿಗೆ ಓದಿ ಹೇಳಿದ ಮೇಲೆ. ನಿವೃತ್ತ ಹೆಡ್‌ಮಾಸ್ಟರು, “ಬೆಂಚಿನ ಸಾಲು ಇದೆಯಲ್ಲ, ಅದು,” ಎಂದು ನಕ್ಕರು. ಅವರ ಅಂಗಿಗೂ ಮೂಡಿತ್ತಂತೆ.

ಇದಕ್ಕಿಂತ ಒಳ್ಳೆಯ ಸುದ್ದಿ: ಗುಂಡಮ್ಮ ಮನೆಗೆ ಬಂದಿದ್ದಾಳೆ. ನೋಡಿಕೊಂಡು ಬಂದೆ. ಇಸ್ತ್ರಿ ಮೇಜಿನ ಕೆಳಗಿನ ಬುಟ್ಟಿಯಲ್ಲಿ ಕೂತು ಯಾರದೋ ಕಾಲುಚೀಲ ಚೀಪುತ್ತಿದ್ದಳು.

ಮಾರ್ಚ್ 9, ಸೋಮವಾರ

ಕ್ಲಬ್ಬಿನ ಅಧ್ಯಕ್ಷರು ಮನೆಗೆ ಬಂದರು. ಹಲ್ಲಿನ ಡಾಕ್ಟರು. ಸ್ಟಿಕ್ಕರಿನ ಮೇಲೆ ಇವರದ್ದೇ ಹೆಸರು. ನಾನು ಟೊಂಕ ಕಟ್ಟಿ ನಿಂತೆ.

“ಬೈಯೋಕೆ ಬಂದಿದ್ರೆ ಮೊದಲು ಬೈದುಬಿಡಿ. ಕಾಫಿ ಆಮೇಲೆ,” ಎಂದೆ.

“ಬೈಯೋಕೆ ಬಂದಿಲ್ಲ ಮೇಡಂ. ಹಲ್ಲು ಕೀಳೋನು ನಾನು, ಬೈಸಿಕೊಂಡೇ ಅಭ್ಯಾಸ.” ಕುರ್ಚಿಯ ತುದಿಯಲ್ಲಿ ಕೂತರು. “ಎಂಟುನೂರು ಪೊಟ್ಟಣ ಓಣೀಲಿದೆ. ಇನ್ನೊಂದು ಮಗು ಕುಡಿಯೋ ಮೊದಲು ವಾಪಸ್ ತಗೋಬೇಕು. ಯಾವ ಯಾವ ಮನೆಗೆ ಕೊಟ್ವಿ ಅಂತ ಪಟ್ಟಿ ಇಲ್ಲ.”

“ಏನೂ ಇಲ್ವಾ?”

“ಫೋಟೋ ಇದೆ. ನೂರಾ ಎಂಬತ್ತು ಫೋಟೋ.” ಫೋನು ತೋರಿಸಿದರು. ಎಲ್ಲದರಲ್ಲೂ ಕ್ಲಬ್ಬಿನವರ ಮುಖ ನೆಟ್ಟಗೆ ಕ್ಯಾಮೆರಾಕ್ಕೆ, ಪೊಟ್ಟಣ ತೆಗೆದುಕೊಂಡವರ ಬೆನ್ನು. “ಬಾಗಿಲು ಗುರುತು ಹಿಡಿಯೋರು ಊರಲ್ಲಿ ನೀವೊಬ್ಬರೇ ಅಂತ ನಿಮ್ಮ ಮನೆಯವರು ಹೇಳಿದ್ರು.”

ಮನೆಯವರು ಆ ಹೊತ್ತಿಗೆ ಸರಿಯಾಗಿ ಒಳಗೆ ಹೋಗಿ ಯಾವುದೋ ಗಡಿಯಾರಕ್ಕೆ ಕೀ ಕೊಡುತ್ತಿದ್ದರು.

ಆ ನಾಲ್ಕು ಓಣಿಗಳನ್ನು ನಾನು ಮೂರು ಸಲ ಅಳೆದಿದ್ದೇನೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನೂರು ಮನೆ ಬರೆದುಕೊಟ್ಟೆ. ಜೊತೆಗೆ ಬರುತ್ತೇನೆ ಎಂದೂ ಹೇಳಿದೆ. ಸಾಕ್ಷಿಯಾಗಿ ಮಾತ್ರ. ಇವರು ಹೇಗೆ ಕೆಲಸ ಮಾಡುತ್ತಾರೆ ಎಂದು ಕಣ್ಣಾರೆ ಕಂಡರೆ ಎರಡನೇ ಪತ್ರಕ್ಕೆ ಸರಕು ಸಿಗುತ್ತದೆ.

ಮಾರ್ಚ್ 11, ಬುಧವಾರ

ಸರಕು ಸಿಕ್ಕಿತು.

ಹಲ್ಲಿನ ಡಾಕ್ಟರು, ಜವಳಿ ಅಂಗಡಿಯವರು, ಮನೆಯವರು, ನಾನು. ಜವಳಿಯವರು ಕ್ಲಬ್ಬಿನ ಕಾರ್ಯದರ್ಶಿ. ಮಲ್ಲಿಗೆಯಂಥ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಮೊದಲ ಓಣಿಯ ಮೂರನೇ ಮನೆಯ ಹತ್ತಿರ ಚರಂಡಿ ದಾಟುವಾಗ ಒಂದು ಕಾಲು ದಾಟಿತು, ಇನ್ನೊಂದು ದಾಟಲಿಲ್ಲ. “ಕ್ಲಬ್ಬಿನಿಂದ ಇಲ್ಲೊಂದು ಕಲ್ಲು ಹಾಕಿಸಬೇಕು,” ಎಂದರು. “ಹೆಸರು ಕೆತ್ತಿಸದೆ,” ಎಂದೆ.

ಸ್ಟಿಕ್ಕರ್ ಕಿತ್ತರೆ ಮುಗಿಯಿತು ಎಂದುಕೊಂಡಿದ್ದೆವು. ಕಿತ್ತರೆ ಅಡಿಯ ಅಕ್ಷರವೂ ಅದರ ಜೊತೆ ಕಿತ್ತು ಬರುತ್ತದೆ. ಅಂಟಿಸುವುದರಲ್ಲಿ ಮಾತ್ರ ಎಷ್ಟು ಶ್ರದ್ಧೆ. ಹಾಗಾಗಿ ಹಳೆಯದನ್ನು ಪಡೆದು, ಆರೋಗ್ಯ ಕೇಂದ್ರದ ಸ್ಟಿಕ್ಕರಿಲ್ಲದ ಪೊಟ್ಟಣ ಕೊಡುವುದೆಂದಾಯಿತು. ಎರಡನೇ ಓಣಿಯಲ್ಲಿ ಒಬ್ಬ ದಾಂಡಿಗ ಫುಟ್‌ಬಾಲ್ ಆಡಿ ಬಂದು ಎರಡೂ ಪೊಟ್ಟಣ ತಾನೇ ಕುಡಿದಿದ್ದ. “ಸ್ವಲ್ಪ ಉಪ್ಪಾಯ್ತು ಸಾರ್,” ಎಂದು ಡಾಕ್ಟರಿಗೆ ದೂರು ಕೊಟ್ಟ. ಶಾಲೆ ಮಕ್ಕಳು ಸ್ಟಿಕ್ಕರನ್ನು ನಾಜೂಕಾಗಿ ಬಿಡಿಸಿ ಕಂಪಾಸ್ ಬಾಕ್ಸಿಗೆ ಅಂಟಿಸಿಕೊಂಡಿದ್ದಾರೆ. ಅಧ್ಯಕ್ಷರ ಹೆಸರು ಈಗ ಗಣಿತದ ತರಗತಿಯಲ್ಲಿ ಕೂರುತ್ತದೆ.

ಇಂದು ಸಿಕ್ಕಿದ್ದು 146.

ಮಾರ್ಚ್ 14, ಶನಿವಾರ

ಒಟ್ಟು 402. ಕಾಲು ಊದಿದೆ. ಜವಳಿಯವರು ಇಂದು ಹಳೆಯ ಪ್ಯಾಂಟು, ರಬ್ಬರ್ ಚಪ್ಪಲಿ. ನಡೆಯಲು ಕಲಿಯುತ್ತಿದ್ದಾರೆ.

ಮಾರ್ಚ್ 19, ಗುರುವಾರ

ಉಳಿದ ಪೊಟ್ಟಣಗಳ ಲೆಕ್ಕ ಸಿಕ್ಕಿತು. ಹೆಚ್ಚಿನವನ್ನು ಜನ ಚರಂಡಿಗೆ ಸುರಿದಿದ್ದಾರೆ. ಒಳ್ಳೆಯದೇ ಆಯಿತು ಎಂದುಕೊಂಡು ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಹೇಳಿದೆ. ಅವರು ಪೆಟ್ಟಿಗೆಯೊಂದನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರು.

“ಇದನ್ನೂ ಸುರೀತಾರೆ, ನೋಡಿ. ನಂದು. ಸ್ಟಿಕ್ಕರ್ ಇಲ್ಲ, ಏನೂ ಇಲ್ಲ. ನೀವು ಬದಲಿಗೆ ಅಂತ ಕೊಟ್ಟು ಬಂದಿರಲ್ಲ, ಎರಡನೇ ಓಣೀಲಿ ಇಪ್ಪತ್ತು ಮನೆಯವರು ವಾಪಸ್ ತಂದು ಮೆಟ್ಟಿಲ ಮೇಲೆ ಇಟ್ಟು ಹೋದ್ರು. ಹನ್ನೊಂದು ವರ್ಷದಿಂದ ಈ ಪುಡಿ ಕೊಡ್ತಿದೀನಿ. ಒಂದು ತಾಯಿ ಬೇಡ ಅಂದಿರಲಿಲ್ಲ. ಈಗ ‘ಪೇಪರಲ್ಲಿ ವಿಷ ಅಂತ ಬಂದಿದೆ ಸಿಸ್ಟರ್’ ಅಂತಾರೆ. ಯಾರೋ ಮರೆಯದ ನಾಗರಿಕಳಂತೆ. ಎದುರಿಗೆ ಸಿಕ್ಕಿದ್ರೆ ಕೇಳ್ತಿದ್ದೆ, ತಾಯೀ, ಬೇಸಿಗೇಲಿ ಮಗು ಒಣಗೋಕೆ ಶುರುವಾದ್ರೆ ನಾನೇನು ಕುಡಿಸಲಿ, ನಿನ್ನ ಪೇಪರ್ ಅರೆದು ಕುಡಿಸಲಾ ಅಂತ.”

ನನ್ನ ಜೊತೆಗೆ ಬಂದಿದ್ದ ಜವಳಿಯವರು ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ನಾನು ಬರೆದದ್ದು ಕ್ಲಬ್ಬಿನ ಬಗ್ಗೆ. ಪುಡಿಯ ಬಗ್ಗೆ ಅಲ್ಲ. ಗಮನವಿಟ್ಟು ಓದಿದವರಿಗೆ ಅದು ಸ್ಪಷ್ಟವಾಗಿದೆ.

ಮಾರ್ಚ್ 20, ಶುಕ್ರವಾರ

ಗಮನವಿಟ್ಟು ಓದಿದೆ. ಸ್ಪಷ್ಟವಾಗಿಲ್ಲ.

ಮನೆಯವರ ಮೇಲೆ ಕೂಗಾಡಿದೆ. ನಮ್ಮ ಊಟದ ಮೇಜಿನ ಮೇಲೆ ಕೂತು ನೂರು ಸ್ಟಿಕ್ಕರ್ ಅಂಟಿಸಿದವರು ನೀವಲ್ಲವೇ ಎಂದೆ.

“ಹೌದು,” ಎಂದರು. “ನೀನು ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದೆ. ಸೊಟ್ಟ ಆಗ್ತಿದೆ, ಆ ಅಕ್ಷರದ ಚೌಕಕ್ಕೆ ಸರಿಯಾಗಿ ಕೂರಿಸಿ ಅಂದೆ.”

ಇಂದು ಇಷ್ಟೇ.

ಮಾರ್ಚ್ 22, ಭಾನುವಾರ

ಕ್ಯಾಲೆಂಡರಿನ ನಕ್ಷೆಯ ಮುಂದೆ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಆ ಸಾಲು ಕಾಣುತ್ತಿದ್ದರೂ ಅರ್ಧ ಮನೆಗಳಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಒಂದು ಲೀಟರ್ ಎಂದರೆ ಯಾವ ಪಾತ್ರೆ? ಪ್ರತಿ ಮನೆಯ ಲೋಟ, ಚೆಂಬು, ಬಾಟಲಿ ಬೇರೆ ಬೇರೆ. ಅಕ್ಷರ ಓದಬಹುದು, ನೀರನ್ನು ಅಳೆಯಲು ಅಳತೆ ಬೇಕು.

ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. ಅವರು ಎಲ್ಲರಿಗೂ ಫೋನು ಮಾಡಿದರು. ಮಧ್ಯಾಹ್ನ ಎರಡಕ್ಕೆ ಹದಿನೇಳು ಜನ ಓಣಿಯ ತುದಿಯಲ್ಲಿ ನಿಂತಿದ್ದರು. ಹಾಲಿನ ಅಂಗಡಿಯಿಂದ ಲೀಟರಿನ ಅಳತೆ ತಂದೆವು. ಪ್ರತಿ ಮನೆಗೆ ಹೋಗಿ ಸುಮಾರು ಲೀಟರ್ ಹಿಡಿಯುವ ಪಾತ್ರೆ ಯಾವುದಿದೆ ಎಂದು ಕೇಳುವುದು, ಅಳೆದು ಸುರಿಯುವುದು, ನೀರು ನಿಂತ ಮಟ್ಟಕ್ಕೆ ಕೆಂಪು ಗೆರೆ ಎಳೆಯುವುದು. ಗೆರೆಗೆ ಜವಳಿಯವರ ಹೆಂಡತಿಯ ಉಗುರು ಬಣ್ಣ. ಅದು ಸುಲಭಕ್ಕೆ ಹೋಗುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯಾದರೆ ಹೊರಗೆ ಗೆರೆ. ಸ್ಟೀಲಿನ ಪಾತ್ರೆಯಲ್ಲಿ ಹೊರಗಿನ ಗೆರೆ ಕಾಣದು, ಹಾಗಾಗಿ ಕಂಠದ ತನಕ ತುಂಬಿದರೆ ಸರಿಯಾಗಿ ಲೀಟರ್ ಆಗುವ ಚೆಂಬು ಹುಡುಕಿ, ಹೊರಗೊಂದು ಕೆಂಪು ಚುಕ್ಕೆ.

ಜವಳಿಯವರು ಉಗುರು ಬಣ್ಣ ಹಚ್ಚುವುದರಲ್ಲಿ ಎಷ್ಟು ಪಳಗಿದರೆಂದರೆ, ಮೂರನೇ ಓಣಿಯ ಮೂವರು ಹುಡುಗಿಯರು ಕೈ ಚಾಚಿ ಸಾಲಾಗಿ ನಿಂತರು. “ಅಂಕಲ್, ಎರಡು ಕೋಟ್ ಹಾಕಿ,” ಎಂದರು. ಹಾಕಿದರು.

ಪಾತ್ರೆಗೆ ಗೆರೆ ಹಾಕಿಸಿಕೊಳ್ಳಲು ಯಾರೂ ಬೇಡ ಎನ್ನಲಿಲ್ಲ. ಪೊಟ್ಟಣ ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಮಾರ್ಚ್ 26, ಗುರುವಾರ

ಮಂಗಳವಾರ ಆ ಓಣಿಗಳ ನಲ್ಲಿಯಲ್ಲಿ ಕಲಕಿದ ನೀರು ಬಂತು, ವಾಸನೆ. ನಿನ್ನೆಯಿಂದ ಮಕ್ಕಳಿಗೆ ಭೇದಿ. ಇಂದು ಬೆಳಗ್ಗೆ ನರ್ಸಮ್ಮ ಹತ್ತೊಂಬತ್ತು ಮಕ್ಕಳ ಹೆಸರು ಬರೆದುಕೊಂಡಿದ್ದರು. ಹದಿನೆಂಟನೆಯದು ಗುಂಡಮ್ಮ.

ನಾನು ಹೋದಾಗ ಹನ್ನೊಂದು ಗಂಟೆ. ಅಕ್ಕ ಇಸ್ತ್ರಿ ಮಾಡುತ್ತಲೇ ಇದ್ದಳು, ಕೂಸು ಅದೇ ಬುಟ್ಟಿಯಲ್ಲಿ. ಬಾಯಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ತಾಯಿ ಬಟ್ಟೆ ಕಾರ್ಖಾನೆಯಿಂದ ಬರುವುದು ಸಂಜೆ ಆರಕ್ಕೆ.

“ನರ್ಸಮ್ಮ ಪುಡಿ ಕೊಟ್ಟಿದಾರಲ್ಲ, ಕುಡಿಸಿದೆಯಾ?”

“ಆ ಪುಡಿ ಮಾತ್ರ ಎತ್ತಬೇಡಿ ಅಮ್ಮಾ.”

“ಹಾಗಾದ್ರೆ ಈಗಲೇ ಆಸ್ಪತ್ರೆಗೆ ನಡಿ.”

“ಹೋದ ಸಲ ಅಲ್ಲಿ ಕೂಸಿನ ತಲೆಗೆ ಸೂಜಿ ಚುಚ್ಚಿದ್ರು. ಅವಳಮ್ಮ ಬರಲಿ, ಸಂಜೆ ನೋಡೋಣ.” ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, ಮೇಜಿನ ಬಟ್ಟೆಯಡಿಯಿಂದ ಮಡಚಿದ ಕಾಗದ ತೆಗೆದಳು. ಮಡಿಕೆಯ ಮೇಲೆ ಇಸ್ತ್ರಿ ಆಡಿಸಿದ್ದಾಳೆ, ಸುಕ್ಕಿಲ್ಲ. “ನೀವೇ ಓದಿ. ಓದಿದೋರು ಬರೆದಿದಾರೆ. ನಾನು ಏನೋ ಹೆಬ್ಬೆಟ್ಟು, ತಪ್ಪಾಗಿ ಕಲಸಿದೆ ಅಂತ ಆಸ್ಪತ್ರೇಲಿ ಎಲ್ರೂ ನನ್ನನ್ನೇ ಬೈದ್ರು. ಈ ಒಬ್ಬಮ್ಮ ಮಾತ್ರ ತಪ್ಪು ನಂದಲ್ಲ ಅಂದ್ರು.”

ನಾನು ಚೌಕದೊಳಗಿನ ನನ್ನ ಪತ್ರವನ್ನು ನೋಡುತ್ತ ನಿಂತೆ. ಕೂಸು ಮತ್ತೊಮ್ಮೆ ಭೇದಿ ಮಾಡಿತು, ನೀರಿನಂತೆ. ಅಳು ಸಣ್ಣದಾಗಿತ್ತು.

“ಆ ಒಬ್ಬಮ್ಮ ನಾನೇ,” ಎಂದೆ.

ಅಕ್ಕ ಕತ್ತೆತ್ತಿದಳು.

“ಬರೆದೋಳು ನಾನು. ತಪ್ಪು ನಿಂದಲ್ಲ, ಅದು ನಿಜ. ಆದ್ರೆ ಪುಡಿ ವಿಷ ಅಲ್ಲ. ನೀರು ಕಡಿಮೆ ಆಯ್ತು, ಅಷ್ಟೇ. ಒಂದು ಲೀಟರಿಗೆ ಕಲಸಬೇಕು ಅಂತ ಮೊದಲು ಬರೆದಿದ್ದೆ. ಜಾಗ ಸಾಲದು ಅಂದ್ರು, ಅದನ್ನ ತೆಗೆದೆ. ವಿಷ ಅನ್ನೋದನ್ನ ಉಳಿಸ್ಕೊಂಡೆ. ಅದು ಜೋರಾಗಿ ಕೇಳ್ತಿತ್ತು.”

“ನೀವಾ?” ಎಂದಳು. “ವಾರಕ್ಕೆರಡು ಸಲ ನಿಮ್ಮನೆಗೆ ಬರ್ತೀನಿ. ಬಾಯಿ ಬಿಡಲಿಲ್ಲ.”

“ಬಿಡಲಿಲ್ಲ.”

ಆಕೆ ಯಾರದೋ ಅಂಗಿಯ ಕಾಲರನ್ನು ಎರಡು ಸಲ ತೀಡಿದಳು. ಆಮೇಲೆ ಇಸ್ತ್ರಿ ಪೆಟ್ಟಿಗೆ ಆರಿಸಿ, ಒಳಗೆ ಹೋಗಿ, ಕೆಂಪು ಗೆರೆಯ ಬಾಟಲಿ ತಂದು ಮೇಜಿನ ಮೇಲೆ ಕುಕ್ಕಿದಳು. ಕುದಿಸಿ ಆರಿಸಿದ ನೀರು ತಂದಳು.

“ನನ್ನೆದುರಿಗೆ ಅಳೀರಿ. ಮೊದಲು ನೀವು ಕುಡೀರಿ. ನಿಮಗೆ ಬಯ್ಯೋದು ಆಮೇಲೆ.”

ಅಳೆದೆ. ಗೆರೆಗೆ ಕಣ್ಣು ಸಮ ಮಾಡಿ ನೋಡಿದೆ. ಇಡೀ ಪೊಟ್ಟಣ ಸುರಿದು ಕರಗಿಸಿದೆ. ಒಂದು ಲೋಟ ಕುಡಿದೆ. ಆಕೆಯೂ ಒಂದು ಗುಟುಕು ಕುಡಿದು ತುಟಿ ಚಪ್ಪರಿಸಿದಳು. “ಕಣ್ಣೀರಿಗಿಂತ ಉಪ್ಪು ಕಮ್ಮಿ ಇದೆ,” ಎಂದಳು. ಆ ಮಾತು ನರ್ಸಮ್ಮ ಓಣಿಯ ಹೆಂಗಸರಿಗೆ ಹೇಳಿಕೊಡುವ ಪರೀಕ್ಷೆಯಂತೆ, ನನಗೇ ಗೊತ್ತಿರಲಿಲ್ಲ.

ಒಂದೊಂದೇ ಚಮಚ. ನಾಲ್ಕನೆಯದಕ್ಕೆ ವಾಂತಿ. ಅಕ್ಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಹತ್ತು ನಿಮಿಷ ಕಾಯಬೇಕು, ಮತ್ತೆ ನಿಧಾನವಾಗಿ ಕೊಡಬೇಕು ಎಂದೆ. ಮೊಬೈಲಿನ ಗಡಿಯಾರ ನೋಡುತ್ತ ಕೂತೆವು. ಹತ್ತು ನಿಮಿಷ ಅಷ್ಟು ಉದ್ದ ಇರುತ್ತದೆಂದು ಗಡಿಯಾರದವರ ಹೆಂಡತಿಗೂ ಗೊತ್ತಿರಲಿಲ್ಲ. ಮತ್ತೆ ಚಮಚ. ಹೊಟ್ಟೆಯಲ್ಲಿ ನಿಂತಿತು. ಒಂದು ಗಂಟೆಗೆ ನರ್ಸಮ್ಮ ಬಂದು ಹೊಟ್ಟೆಯ ಚರ್ಮ ಚಿವುಟಿ ನೋಡಿದರು. “ಕುಡೀತಿದಾಳಲ್ಲ, ಹೀಗೇ ಕೊಡಿ. ಮಂಕಾದ್ರೆ, ಕುಡಿಯೋದು ಬಿಟ್ರೆ ಒಂದು ನಿಮಿಷ ಕಾಯಬೇಡಿ, ಆಸ್ಪತ್ರೆಗೆ ಓಡಿ.” ಸತುವಿನ ಮಾತ್ರೆ ಕೊಟ್ಟು, ಭೇದಿ ನಿಂತರೂ ನಿಲ್ಲಿಸದೆ ಹದಿನಾಲ್ಕು ದಿನ ಕೊಡಲು ಹೇಳಿ ಹೋದರು.

ಮೂರೂವರೆಗೆ ಗುಂಡಮ್ಮ ಉಚ್ಚೆ ಹೊಯ್ದಳು. ನನ್ನ ಸೀರೆಯ ಮೇಲೆ. ಅಕ್ಕ, ನಾನು ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಇಷ್ಟು ಸಂತೋಷದಿಂದ ಒದ್ದೆಯಾದದ್ದು ನನಗೆ ನೆನಪಿಲ್ಲ, ನನ್ನ ನೆನಪು ಚೆನ್ನಾಗಿಯೇ ಇದೆ.

ಮಾರ್ಚ್ 27, ಶುಕ್ರವಾರ

ಅಕ್ಕ ನಿನ್ನೆ ಹೇಳಿದಂತೆ ಇಂದು ಬಯ್ದಳು. ಪೂರ್ತಿ ಬಯ್ದಳು. ಮಧ್ಯೆ ಎರಡು ಗಿರಾಕಿಗಳು ಬಂದರು, ಅವರ ಬಟ್ಟೆ ಕೊಟ್ಟು ಮತ್ತೆ ಬಿಟ್ಟಲ್ಲಿಂದ ಶುರು ಮಾಡಿದಳು. ಕೊನೆಗೆ ಹೇಳಿದ್ದು: “ನನ್ನ ಕಿವೀಲಿ ಹೇಳಿದ್ರಿ. ನಂಗೆ ಸಾಕು. ನಾಲ್ಕು ಓಣಿಗೆ ಕೇಳಿಸುತ್ತಾ ಅದು? ಪೇಪರಲ್ಲಿ ಹೇಳಿದ್ದನ್ನ ಪೇಪರಲ್ಲೇ ವಾಪಸ್ ತಗೊಳ್ಳಿ.”

ಆಮೇಲೆ ಆಕೆಯೇ ಗುಂಡಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಣಿಗಿಳಿದಳು. ಮನೆ ಮನೆ ಮುಂದೆ ನಿಂತು, “ನೋಡಿ, ಇವಳು ಕುಡಿದು ಕೂತಿದಾಳೆ. ಗೆರೆ ತನಕ ನೀರು, ಪೂರ್ತಿ ಪೊಟ್ಟಣ,” ಎಂದು ಕೂಗಿದಳು. ಹಿಂದೆ ಪೆಟ್ಟಿಗೆ ಹೊತ್ತು ಹಲ್ಲಿನ ಡಾಕ್ಟರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಫೋಟೋ ಯಾರೂ ತೆಗೆಯಲಿಲ್ಲ. ಮರೆತೇ ಹೋಗಿತ್ತು.

ಏಪ್ರಿಲ್ 2, ಗುರುವಾರ

ನರ್ಸಮ್ಮನ ಪುಸ್ತಕ: ಭೇದಿಯಾದವರು ಮೂವತ್ತೊಂದು ಮಕ್ಕಳು. ಆಸ್ಪತ್ರೆಗೆ ಹೋದವರು ಮೂವರು, ಮೂವರೂ ವಾಪಸ್. ತೀರಿಕೊಂಡವರು ಯಾರೂ ಇಲ್ಲ. ಆ ಸಾಲಿನಲ್ಲಿ ಅವರು ಸೊನ್ನೆ ಬರೆದು, ಅದರ ಸುತ್ತ ಇನ್ನೊಂದು ಸೊನ್ನೆ ಬರೆದಿದ್ದರು.

ನಾವು ಹೀಗೆ ಚಮಚ ಹಿಡಿದುಕೊಂಡು ಎಷ್ಟು ಬೇಸಿಗೆ ಓಡುವುದು? ನೀರು ಯಾಕೆ ಕಲಕಿತು? ಗಿರಣಿಯ ತಿರುವಿನಲ್ಲಿ ಕುಡಿಯುವ ನೀರಿನ ಕೊಳವೆ ಚರಂಡಿಯ ಅಡಿಯಲ್ಲಿ ಹಾದುಹೋಗುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ ಆ ನಕ್ಷೆಯ ಅಂಚಿನಲ್ಲಿ ‘ಕೊಳವೆಯನ್ನು ಚರಂಡಿಗಿಂತ ಮೇಲೆ ಎತ್ತತಕ್ಕದ್ದು’ ಎಂದು ನಾನೇ ಬರೆದು ಕೊಟ್ಟಿದ್ದೆ.

ಹಲ್ಲಿನ ಡಾಕ್ಟರೂ ನಾನೂ ನೀರು ಸರಬರಾಜು ಕಚೇರಿಗೆ ಹೋದೆವು. ಗುಮಾಸ್ತರು ಊಟದ ಡಬ್ಬಿ ಮುಚ್ಚುತ್ತ, “ಆ ನಕ್ಷೆ ಈಗ ಚಾಲ್ತಿಯಲ್ಲಿಲ್ಲ ಮೇಡಂ,” ಎಂದರು.

“ಕೊಳವೆ ಚಾಲ್ತಿಯಲ್ಲಿದೆಯಾ?”

“ಅದಿದೆ.”

“ನೀರಿನ ಪರೀಕ್ಷೆ ಮಾಡ್ತೀರಲ್ಲ, ಆ ವರದಿ ತೋರಿಸಿ,” ಎಂದರು ಡಾಕ್ಟರು.

“ತಿಂಗಳು ತಿಂಗಳು ಮಾಡ್ತೀವಿ ಸಾರ್. ವರದಿ ಒಳಗಿನ ಕಾಗದ. ಹೊರಗಿನವರಿಗೆ ಕೊಡಲ್ಲ.”

“ನೀರು ಹೊರಗಿನವರಿಗೆ ಕೊಡ್ತೀರಿ,” ಎಂದರು ಡಾಕ್ಟರು. ಈ ಮನುಷ್ಯ ಪರವಾಗಿಲ್ಲ.

ಏಪ್ರಿಲ್ 5, ಭಾನುವಾರ

ಕ್ಲಬ್ಬಿನ ಸಭೆ. ನನ್ನನ್ನೂ ಕರೆದಿದ್ದರು. ಪತ್ರಿಕೆಗೆ ಬರೆಯುವ ಪತ್ರದಲ್ಲಿ ಸ್ಟಿಕ್ಕರಿನ ತಪ್ಪನ್ನು ಕ್ಲಬ್ಬೇ ಒಪ್ಪಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆ.

“ನೀರಿನವರನ್ನ ಕೇಳೋಣ, ಸರಿ,” ಎಂದರು ಜವಳಿಯವರು. “ನಮ್ಮ ಮುಖಕ್ಕೆ ನಾವೇ ಮಸಿ ಬಳ್ಕೊಂಡು ಕೇಳಬೇಕಾ? ಜನ ಆಗಲೇ ಮರೆತಿದಾರೆ.”

“ಮರೆಯದೇ ಇರೋರು ಒಬ್ಬರು ಇಲ್ಲೇ ಕೂತಿದಾರೆ,” ಎಂದರು ನಮ್ಮ ಮನೆಯವರು.

ನಾನು ಎದ್ದು ನಿಂತು ಹೇಳಿದೆ: ನಮ್ಮ ತಪ್ಪನ್ನು ನಾವು ಮುಚ್ಚಿಟ್ಟುಕೊಂಡರೆ, ಅವರ ವರದಿ ಅವರು ಮುಚ್ಚಿಟ್ಟುಕೊಳ್ಳುವುದನ್ನು ಯಾವ ಬಾಯಲ್ಲಿ ಕೇಳುತ್ತೇವೆ? ನಾವು ಎಂಟುನೂರು ಪೊಟ್ಟಣದ ಅಳತೆ ಮಾತ್ರ ಮುಚ್ಚಿದ್ದೆವು. ಹುಡುಕಿದೆವು, ಅಳೆದೆವು, ಕೂಸು ಉಳಿಯಿತು. ಅಷ್ಟನ್ನು ಇದ್ದದ್ದು ಇದ್ದ ಹಾಗೆ ಬರೆಯೋಣ.

“ನಾವು ನಾವು ಅಂತೀರಲ್ಲ ಅಮ್ಮಾವ್ರೇ, ನೀವು ಯಾವಾಗ ಮೆಂಬರಾದ್ರಿ?” ಎಂದರು ಜವಳಿಯವರು.

ಆ ಪ್ರಶ್ನೆ ಸಭೆಯ ವಿಷಯಪಟ್ಟಿಯಲ್ಲಿ ಇರಲಿಲ್ಲ. ತಪ್ಪು ಒಪ್ಪಿಕೊಳ್ಳೋಣ ಎನ್ನುವವರು ಕೈ ಎತ್ತಿ ಎಂದರು ಹಲ್ಲಿನ ಡಾಕ್ಟರು. ಇಪ್ಪತ್ತಾರು ಕೈಗಳು. ಜವಳಿಯವರದ್ದು ಕೊನೆಯದು. ಉಗುರಿನಲ್ಲಿ ಕೆಂಪು ಇನ್ನೂ ಇತ್ತು.

ಏಪ್ರಿಲ್ 8, ಬುಧವಾರ

ಪತ್ರ ಮುಗಿಯಿತು. ಬೆಳಗ್ಗೆ ಇಸ್ತ್ರಿ ಅಕ್ಕನಿಗೆ ಓದಿ ಹೇಳಿದೆ. ಒಂದು ಕಡೆ ತಡೆದು, “ಇದು ಉದ್ದ ಆಯ್ತು, ಕೇಳೋದನ್ನ ಕೇಳಿ,” ಎಂದಳು. ಮೂರು ಸಾಲು ಹೊಡೆದು ಹಾಕಿದೆ. ಸಂಪಾದಕರಿಗೆ ಹೋದ ಪ್ರತಿ ಹೀಗಿದೆ:

“ಮಾನ್ಯರೇ,

ಫೆಬ್ರವರಿ 15ರಂದು ನಮ್ಮೂರ ಸೇವಾ ಕ್ಲಬ್ಬು ಹಂಚಿದ ಓಆರ್‌ಎಸ್ ಪೊಟ್ಟಣಗಳ ಮೇಲೆ ಬೆರೆಸುವ ಅಳತೆ ಕಾಣದಂತೆ ಸ್ಟಿಕ್ಕರ್ ಅಂಟಿಸಲಾಗಿತ್ತು. ಇದರಿಂದ ಒಂದು ಕೂಸಿನ ಜೀವಕ್ಕೆ ಅಪಾಯವಾಯಿತು. ತಪ್ಪು ಕ್ಲಬ್ಬಿನದು. ಮಾರ್ಚ್ 7ರಂದು ಇದೇ ಪತ್ರಿಕೆಯಲ್ಲಿ ಆ ಪುಡಿಯನ್ನು ವಿಷ ಎಂದು ಬರೆದವಳು ನಾನು. ಅದನ್ನು ಓದಿ ತಾಯಂದಿರು ಒಳ್ಳೆಯ ಔಷಧವನ್ನೂ ಚರಂಡಿಗೆ ಸುರಿದರು. ಆ ತಪ್ಪು ನನ್ನದು. ಪುಡಿ ವಿಷವಲ್ಲ. ಇಡೀ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಬೆರೆಸಿ, ಚಮಚ ಚಮಚವಾಗಿ ಕುಡಿಸಿ, ಇಪ್ಪತ್ನಾಲ್ಕು ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಎದೆಹಾಲು ನಿಲ್ಲಿಸಬೇಡಿ.

ಇನ್ನು ಮುಂದಿನ ಮಾತು ನೀರು ಸರಬರಾಜು ಕಚೇರಿಗೆ. ಮಾರ್ಚ್ 24ರಂದು ಗಿರಣಿಯ ಹಿಂದಿನ ಓಣಿಗಳಿಗೆ ಕಲಕಿದ ನೀರು ಬಂತು. ಮೂವತ್ತೊಂದು ಮಕ್ಕಳು ಮಲಗಿದರು. ಹೋದ ವರ್ಷ ಇದೇ ಓಣಿಗಳಲ್ಲಿ ಇಬ್ಬರು ತೀರಿಕೊಂಡಿದ್ದರು. ಆ ತಿಂಗಳ ನೀರಿನ ಪರೀಕ್ಷೆಯಲ್ಲಿ ಏನು ಬಂದಿತ್ತು? ಈ ಮಾರ್ಚಿನಲ್ಲಿ ಏನು ಬಂದಿದೆ? ವರದಿ ಯಾರ ಮೇಜಿಗೆ, ಯಾವ ತಾರೀಖಿಗೆ ಹೋಯಿತು, ಅವರು ಓದಿ ಏನು ಮಾಡಿದರು? ಚರಂಡಿಯ ಅಡಿಯ ಕೊಳವೆಯನ್ನು ಎತ್ತಬೇಕೆಂದು ಹತ್ತೊಂಬತ್ತು ವರ್ಷದ ಹಿಂದೆ ಬರೆದು ಕೊಟ್ಟದ್ದು ಯಾವ ಕಡತದಲ್ಲಿದೆ, ಎಂದು ಎತ್ತುತ್ತೀರಿ?

ಉತ್ತರ ನನಗೆ ಅಂಚೆಯಲ್ಲಿ ಬೇಡ. ಕ್ಲಬ್ಬಿಗೆ ಫೋನಿನಲ್ಲೂ ಬೇಡ. ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಎರಡನೇ ಓಣಿಯ ನಲ್ಲಿಯ ಹತ್ತಿರ ಇಸ್ತ್ರಿ ಅಂಗಡಿಯವರು, ನರ್ಸಮ್ಮ, ಕ್ಲಬ್ಬಿನವರು, ನಾನು, ಮೂವತ್ತೊಂದು ಮಕ್ಕಳ ತಾಯಂದಿರು ಸೇರುತ್ತೇವೆ. ವರದಿ ಹಿಡಿದು ಅಲ್ಲಿಗೆ ಬನ್ನಿ, ಎಲ್ಲರಿಗೂ ಕೇಳುವಂತೆ ಓದಿ ಹೇಳಿ.”